ತಾಂಬಾ ರನ್‌ವೇಯ ಮೂರು ಅಪಘಾತಗಳು

ಮುರಿದ ವಿಮಾನದೊಳಗಿಂದ ಹೊರಗೆಳೆದಾಗ ಕಾವೇರಿ ನೋವಿಗೆ ಅಳುತ್ತಿರಲಿಲ್ಲವಂತೆ. "ಬ್ರೇಕ್ ಹಿಡೀಲಿಲ್ಲ, ಬ್ರೇಕ್ ಹಿಡೀಲಿಲ್ಲ" ಎಂದು ಒಂದೇ ಸಮನೆ ಬಡಬಡಿಸುತ್ತಿದ್ದಳಂತೆ. ಆ ಮಾತೇ ಮೆಕ್ಯಾನಿಕ್ ತೌಸಿಫನ ಕುತ್ತಿಗೆಗೆ ಬಂತು.

ಇದನ್ನು ನಮಗೆ ಹೇಳಿದವಳು ತೌಸಿಫನ ತಂಗಿ ಅಲ್ಮಾಸ. ಜನವರಿ ಇಪ್ಪತ್ತೊಂದರ ಬೆಳಿಗ್ಗೆ ಅವಳು ಸಿಂದಗಿಯ ಜೈತುನಬಿ ಅಕ್ಕೋರ ಪಡಸಾಲೆಯಲ್ಲಿ ಕುಳಿತಿದ್ದಳು. ಮುಂದಿಟ್ಟ ಚಹಾ ಕೆನೆಗಟ್ಟಿತ್ತು. ಅವಳು ಬಟ್ಟಲನ್ನು ಮುಟ್ಟಿಯೇ ಇರಲಿಲ್ಲ.

ನಾನು ಚಂದಪ್ಪ. ಅಕ್ಕೋರು ಸಿಂದಗಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದರು. ಅಷ್ಟೂ ವರ್ಷ ಅವರ ಪ್ರಯೋಗಾಲಯದ ಅಟೆಂಡರ್ ನಾನೇ. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಆಮೇಲೆ ಜನ ಅವರ ಬಳಿಗೆ ಬೇರೆ ಬಗೆಯ ಪ್ರಶ್ನೆಗಳನ್ನು ತರತೊಡಗಿದರು. ಕನ್ನೊಳ್ಳಿಯ ಬಾವಿಯ ನೀರು ರಾತ್ರೋರಾತ್ರಿ ಯಾಕೆ ಕಹಿಯಾಯಿತು, ಸಹಿಯಿಲ್ಲದ ಪತ್ರ ಬರೆದವರು ಯಾರು, ಇಂಥವು. ಉತ್ತರ ಸಿಗದೆ ಮರಳಿದವರು ಕಡಿಮೆ. ನನ್ನ ಟಂಟಂ ಆಟೋದಲ್ಲಿ ಅವರನ್ನು ಕರೆದೊಯ್ಯುವುದು, ಹೇಳಿದ್ದನ್ನು ಮಾಡುವುದು, ಆಮೇಲೆ ಬರೆದಿಡುವುದು ನನ್ನ ಕೆಲಸ.

"ಮೊದಲಿಂದ ಹೇಳವಾ," ಅಂದರು ಅಕ್ಕೋರು.

ತಾಂಬಾ ದಾರಿಯಲ್ಲಿ ಎರಡು ವರ್ಷದ ಹಿಂದೆ ವಿಮಾನ ಕಲಿಸುವ ಶಾಲೆಯೊಂದು ಶುರುವಾಗಿತ್ತು. ಅಲ್ಮಾಸ ಅಲ್ಲಿ ವಿದ್ಯಾರ್ಥಿನಿ, ಅವಳ ಅಣ್ಣ ಅಲ್ಲಿಯ ಮೆಕ್ಯಾನಿಕ್. ಕಲಿಕೆಯ ಕೊನೆಯ ಹಂತದಲ್ಲಿ ಪ್ರತಿಯೊಬ್ಬರೂ ಸೂರ್ಯ ಹುಟ್ಟುವಾಗ ಒಬ್ಬರೇ ಏರಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಮೇಲೆ ಹಾದು, ಒಂದು ಗಂಟೆಯಲ್ಲಿ ಹಿಂದಿರುಗಿ ಇಳಿಯಬೇಕು. ಡಿಸೆಂಬರ್ ಹತ್ತರಂದು ಹಾಗೆ ಇಳಿಯುವಾಗ ಇಂಡಿಯ ಇಸಾಕನ ವಿಮಾನ ನಿಲ್ಲಲೇ ಇಲ್ಲ. ರನ್‌ವೇ ದಾಟಿ ಪಡುವಣ ತುದಿಯ ಹಳ್ಳಕ್ಕೆ ಮೂಗು ಊರಿತು. ಡಿಸೆಂಬರ್ ಮೂವತ್ತರಂದು ಮುದ್ದೇಬಿಹಾಳದ ಹುಡುಗನೊಬ್ಬನಿಗೆ ಅದೇ ಆಯಿತು, ಕೈ ಮುರಿಯಿತು. ನಿನ್ನೆ ಕಾವೇರಿ. ಅವಳ ಸೊಂಟದ ಎಲುಬು ಮುರಿದಿತ್ತು. ವಿಜಯಪುರದ ಆಸ್ಪತ್ರೆಯಲ್ಲಿ ಮಲಗಿದ್ದಳು.

"ನಿಮ್ಮಣ್ಣನ ಮ್ಯಾಲೆ ಸಂಶಯ ಯಾಕ? ಬರೇ ಬ್ರೇಕಿನ ಮಾತಿಗೇನು?"

"ಅಷ್ಟ ಅಲ್ರಿ ಅಕ್ಕೋರ. ಮೂರೂ ಸಲ ವಿಮಾನದ ಹತ್ರ ಎಲ್ಲಾರಿಗಿಂತ ಮೊದ್ಲ ಮುಟ್ಟಿದಾಂವ ಅಂವನ. ಜೀಪ ಬರೂಕಿಂತ ಮೊದ್ಲ, ಓಡಕೋತ ಹೋಗಿ ಎಳದ ಹೊರಗ ತಂದಾನ. ಅಲ್ಲೇ ಬೀಳತೈತಂತ ನಿನಗ ಮೊದ್ಲ ಗೊತ್ತಿತ್ತೇನು ಅಂತ ಪೊಲೀಸ್ರು ಕೇಳಾಕತ್ತಾರ್ರಿ." ಅವಳು ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಮುಂದಿನ ಪಾಳಿ ನಂದು."

"ಹೆದ್ರಿಕಿ ಆಗೈತೇನು?"

"ಹೌದ್ರಿ. ಕಣ್ಣ ಮುಚ್ಚಿದ್ರ ಆ ಹಳ್ಳನ ಕಾಣತೈತಿ. ಆದ್ರ ನಾ ಬ್ಯಾಡ ಅಂದ್ರ, ಅಣ್ಣ ಕಟ್ಟಿದ ಬ್ರೇಕಿನ ಮ್ಯಾಲೆ ತಂಗೀಗೇ ನಂಬಿಕಿ ಇಲ್ಲ ಅಂತಾರ."

ಅಕ್ಕೋರು ಚಪ್ಪಲಿ ಮೆಟ್ಟಿದರು. "ಚಂದಪ್ಪ, ಗಾಡಿ ತಗಿ."

ಶಾಲೆಯ ಗೇಟಿನಲ್ಲಿ ಕಾವಲುಗಾರ ಇರಲಿಲ್ಲ. ದೆವ್ವದ ಜಾಗವೆಂದು ಹೆದರಿ ಊರಿಗೆ ಓಡಿಹೋಗಿದ್ದನಂತೆ. ನಾಲ್ಕು ಪುಟ್ಟ ವಿಮಾನಗಳಲ್ಲಿ ಮೂರು ಶೆಡ್ಡಿನಲ್ಲಿ ರೆಕ್ಕೆ ಮುರಿದು ಮಲಗಿದ್ದವು. ವಿದ್ಯಾರ್ಥಿಗಳು ಗೋಡೆಗೆ ಒರಗಿ ಗುಂಪಾಗಿ ಕುಳಿತಿದ್ದರು.

ಶಾಲೆಯ ಮುಖ್ಯಸ್ಥರು ಕ್ಯಾಪ್ಟನ್ ಶ್ರೀಶೈಲಪ್ಪ. ಎತ್ತರದ ಆಳು, ನಿದ್ದೆಗೆಟ್ಟ ಕಣ್ಣು. ಕಾವೇರಿ ಅವರ ಸ್ವಂತ ತಂಗಿಯ ಮಗಳು. "ಏನ ಬೇಕಾದ್ರೂ ನೋಡ್ರಿ ಅಕ್ಕೋರ, ಯಾರನ್ನ ಬೇಕಾದ್ರೂ ಕೇಳ್ರಿ. ನನ್ನ ತಂಗೀಗಿ ಮಾರಿ ತೋರಿಸೂದು ಹೆಂಗಂತ ನನಗ ತಿಳೀವಲ್ದು," ಅಂದರು.

ಪಾಠದ ಕೋಣೆಯ ಗೋಡೆಯಲ್ಲಿ ದೊಡ್ಡ ಫೋಟೊ ಇತ್ತು. ಹೊಲದ ನಡುವೆ ನಿಂತ ವಿಮಾನ, ಪಕ್ಕದಲ್ಲಿ ಹೂಮಾಲೆ ಹಾಕಿಕೊಂಡ ಯುವಕ. ಅವನೇ ಶಿಕ್ಷಕ ಅಮಿತ, ಬಸವನ ಬಾಗೇವಾಡಿಯವನು. ಕಳೆದ ಸೆಪ್ಟೆಂಬರಿನಲ್ಲಿ ದೇವಣಗಾಂವದ ಹತ್ತಿರ ಭೀಮಾ ನದಿಯ ಮೇಲೆ ಎಂಜಿನ್ ನಿಂತುಹೋದಾಗ, ಜೊತೆಗಿದ್ದ ವಿದ್ಯಾರ್ಥಿಗೆ ಕೂದಲೂ ಕೊಂಕದಂತೆ ವಿಮಾನವನ್ನು ಹೊಲದಲ್ಲಿ ಇಳಿಸಿದ್ದನಂತೆ. ಊರಿನವರು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದ್ದರು.

"ಈಗ ವಿಮಾನದಾಗ ಕುಂತು ಕಲಸಾಂವ ನಾನೊಬ್ಬನ," ಅಂದರು ಕ್ಯಾಪ್ಟನ್. "ಅಮಿತಗ ಅವತ್ತಿನಿಂದ ಕಿವಿ ನೋವು. ಕೆಳಗಿನ ಪಾಠ, ರನ್‌ವೇ ಎಲ್ಲಾ ಅಂವ ನೋಡ್ಕೋತಾನ."

ಅಮಿತ ಅಕ್ಕೋರಿಗೆ ಕುರ್ಚಿ ತಂದು ಹಾಕಿದ. ಮೆಲುದನಿಯ ಹುಡುಗ. "ಪ್ರತಿ ಸಲ ವಿಮಾನ ಇಳಿಯೂಕಿಂತ ಮೊದ್ಲ ನಾಯಿ, ಕುರಿ ಬಂದಾವೇನಂತ ಜೀಪಿನಾಗ ಒಂದ ಸುತ್ತು ಹಾಕ್ತೇನ್ರಿ. ಕುರಿಗಾರ ಯಲ್ಲಾಲಿಂಗ ಎರಡ ಸಲ ತಂತಿಬೇಲಿ ಕತ್ತರಿಸ್ಯಾನ. ತನ್ನ ಕುರಿ ಹಾದಿ ಕಟ್ಟಿದ್ರಂತ ಅವಗ ಸಿಟ್ಟು. ನಿಮ್ಮ ವಿಮಾನ ಎಲ್ಲಾ ಹಳ್ಳಕ್ಕ ಬೀಳಲಿ ಅಂತ ಬೈದಿದ್ದ."

ಅಕ್ಕೋರು ತಲೆಯಾಡಿಸುತ್ತ ಕಪ್ಪುಹಲಗೆಯ ಮುಂದೆ ನಿಂತುಬಿಟ್ಟರು. ಅದರ ಮೇಲೆ ತಿಂಗಳ ಕೆಲಸಗಳ ಪಟ್ಟಿ ಇತ್ತು. ಒಂದು ಸಾಲು ಹೀಗಿತ್ತು: "ಹೊರಗಿನ ಪರೀಕ್ಷಕರು, ಶಿಕ್ಷಕ ಅಮಿತನ ವಾರ್ಷಿಕ ಹಾರಾಟ ಪರೀಕ್ಷೆ, ಜನವರಿ 21." ಅದಕ್ಕೆ ಅಡ್ಡಗೆರೆ ಎಳೆದಿತ್ತು. ತಾರೀಖಿನ ಅಡಿಯಲ್ಲಿ ಹಳೆಯ ಸೀಮೆಸುಣ್ಣದ ಗುರುತುಗಳು ಸರಿಯಾಗಿ ಅಳಿಸದೆ ಉಳಿದಿದ್ದವು.

"ಇವತ್ತ ಪರೀಕ್ಷಾ ಇತ್ತೇನ್ರಿ?"

"ಇತ್ರಿ. ಅಪಘಾತ ಆದ್ರ ಎರಡ ವಾರ ಎಲ್ಲಾ ಹಾರಾಟ ಬಂದ್ ಮಾಡ್ತೇವಿ. ಹಂಗಾಗಿ ಮುಂದ ಹೋತು," ಅಂದರು ಕ್ಯಾಪ್ಟನ್.

"ನಿಮ್ಮ ಡಸ್ಟರ್ ಬದಲಸ್ರಿ. ಸರಿ ಅಳಸೂದಿಲ್ಲ ಅದು," ಎಂದಷ್ಟೇ ಅಂದು ಅಕ್ಕೋರು ಹೊರಟರು. ನಾನು ನಕ್ಕೆ. ಶಿಕ್ಷಕಿಯ ಚಾಳಿ ಎಂದುಕೊಂಡೆ.

ಮೇಲಿನ ಗಾಜಿನ ಕೋಣೆಯಲ್ಲಿ ರೇಡಿಯೋ ನೋಡಿಕೊಳ್ಳುವ ಮಾಲಾ ಕುಳಿತಿದ್ದಳು. ವಿಮಾನವು ಗಾಳಿಗೆ ಎದುರಾಗಿ ಇಳಿಯಬೇಕು, ಆಗ ಗಾಳಿಯೇ ಅದನ್ನು ತಡೆದು ನಿಲ್ಲಿಸುತ್ತದೆ ಎಂದು ಅವಳು ನನಗೆ ತಿಳಿಸಿ ಹೇಳಿದಳು. ಗಾಳಿ ಅಳೆಯುವ ಯಂತ್ರ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟಿತ್ತು. ಈಗ ಅವಳು ಗಾಳಿಚೀಲವನ್ನು ನೋಡಿ ರೇಡಿಯೋದಲ್ಲಿ ದಿಕ್ಕು ಹೇಳುತ್ತಿದ್ದಳು. ರನ್‌ವೇಯ ಪಕ್ಕದ ಕಂಬದ ತುದಿಯಲ್ಲಿ, ಅಂಗಿಯ ತೋಳಿನಂತೆ ಹಾರುವ ಕೆಂಪು ಬಟ್ಟೆಯ ಚೀಲ ಅದು. ಬಾಲ ಯಾವ ಕಡೆ ಹಾರುತ್ತದೋ ಗಾಳಿ ಆ ಕಡೆಗೆ ಬೀಸುತ್ತಿದೆ ಎಂದರ್ಥ. ಬಟ್ಟೆ ಹರಿದರೆ ಬದಲಿಸಲು ಕಂಬವನ್ನು ಬುಡದಲ್ಲಿ ಮಡಚಿ ಕೆಳಗಿಳಿಸಬಹುದಿತ್ತು.

"ನಿನ್ನೆ ಪಡುವಣ ಗಾಳಿ ಅಂತ ಹೇಳೀನ್ರಿ. ಚೀಲ ಹಂಗ ತೋರಸ್ತಿತ್ತು. ಕಾವೇರಿ ಪಡುವಣಕ್ಕ ಮಾರಿ ಮಾಡಿ ಇಳದ್ಲು. ನಾ ಹೇಳಿದಂಗ ಇಳದ್ಲು," ಎಂದು ಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶೆಡ್ಡಿನಲ್ಲಿ ತೌಸಿಫ ಕಾವೇರಿಯ ವಿಮಾನದ ಗಾಲಿ ಬಿಚ್ಚಿ ತೋರಿಸಿದ. ಅವನ ಕೈ ಮೊಣಕೈವರೆಗೆ ಎಣ್ಣೆಗಪ್ಪು. "ಬ್ರೇಕ್ ಹಿಡದಾವ್ರಿ ಅಕ್ಕೋರ. ನೋಡ್ರಿ, ಉಜ್ಜಿ ಉಜ್ಜಿ ನೀಲಿ ಆಗೈತಿ. ಹಿಡದ್ರೂ ನಿಂತಿಲ್ಲ. ಯಾಕಂತ ನನಗ ತಿಳೀವಲ್ದು."

ನಾವು ರನ್‌ವೇಯ ಉದ್ದಕ್ಕೂ ನಡೆದು ಪಡುವಣ ತುದಿಯ ಹಳ್ಳಕ್ಕೆ ಬಂದೆವು. ಬೇಲಿಯ ಆಚೆ ರುಕ್ಮವ್ವ ಎಂಬ ಹೆಂಗಸು ತನ್ನ ಹೊಲದಲ್ಲಿ ತೊಗರಿ ತೂರುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟಳು.

"ಮೂರೂ ನನ್ನ ಬದುವಿನ ಹತ್ರನ ಬಂದ ಬಿದ್ದಾವ್ರಿ ಯವ್ವಾ. ನಾಕನೇದು ನನ್ನ ತಲಿ ಮ್ಯಾಲೆ ಬೀಳತೈತಿ. ಆದ್ರ ರಾಶಿ ಬಿಟ್ಟ ಎಲ್ಲಿ ಹೋಗ್ಲಿ?"

"ನಿನ್ನೆ ಇದ್ದ್ಯೇನವಾ ಇಲ್ಲೇ?"

"ಇದ್ನಿ. ಗಾಳಿ ಆಗಷ್ಟ ಎದ್ದಿತ್ತು, ತೂರಾಕ ಹತ್ತಿದ್ನಿ. ವಿಮಾನ ಬಂದ ಧಡಲ್ ಅಂತು. ಅದರ ಧೂಳು, ನನ್ನ ಹೊಟ್ಟು ಎರಡೂ ಕೂಡಿ ಅತ್ತಾಗ ಹಾರಿದ್ವು," ಎಂದು ಅವಳು ಪಡುವಣಕ್ಕೆ ಕೈ ತೋರಿಸಿದಳು.

"ಯಲ್ಲಾಲಿಂಗ ಈ ಕಡೆ ಬಂದಿದ್ದೇನು?"

"ಅಂವ ಎಲ್ಲಿದ್ದಾನ್ರಿ? ಸಂಕ್ರಮಣ ಮುಗಿಸಿ ಕುರಿ ಹೊಡಕೊಂಡ ಮುದ್ದೇಬಿಹಾಳದ ಕಡೆ ಹೊಳೀ ದಂಡಿಗಿ ಹ್ವಾದಾಂವ, ಇನ್ನೂ ಬಂದಿಲ್ಲ."

ಹಿಂದಿರುಗುವಾಗ ಅಕ್ಕೋರು ಟಂಟಂ ನಿಲ್ಲಿಸಲು ಹೇಳಿದರು. ಹಿಂದಿನ ದಿನ ಕಾವೇರಿ ಇಳಿಯುವುದನ್ನು ವಿದ್ಯಾರ್ಥಿಯೊಬ್ಬ ಶೆಡ್ಡಿನ ಮಾಳಿಗೆಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದ್ದ. ಅಲ್ಮಾಸ ಅದನ್ನು ಅವರಿಗೆ ಕಳಿಸಿದ್ದಳು. ಅವರು ನಾಲ್ಕು ಸಲ ನೋಡಿದರು. ನಾನೂ ನೋಡಿದೆ. ವಿಮಾನ ಓಡುತ್ತ ಬಂತು, ನಿಲ್ಲಲಿಲ್ಲ, ಹಳ್ಳದ ಅಂಚಿನಲ್ಲಿ ಮೂಗು ಊರಿತು. ಹಿಂದೆ ಎದ್ದ ಧೂಳು ಅದನ್ನು ದಾಟಿ ಮುಂದೆ ಹೋಯಿತು. ಮೂಲೆಯಲ್ಲಿ ಗಾಳಿಚೀಲ ಮೂಡಣಕ್ಕೆ ಬಾಲ ಚಾಚಿ ನಿಂತಿತ್ತು.

"ಏನ ಕಂಡಿ ಚಂದಪ್ಪ?"

"ಎದಿ ಝಲ್ಲ ಅಂತ್ರಿ. ಮತ್ತೇನೂ ಕಾಣಲಿಲ್ಲ."

"ವಿಮಾನ ನೋಡಬ್ಯಾಡ. ಅದರ ಸುತ್ತ ನೋಡು," ಎಂದು ಅಕ್ಕೋರು ಮೊಬೈಲ್ ಆರಿಸಿದರು. ಅವರ ಮುಖದಲ್ಲಿ ನಾನು ಹೆದರಿಕೆಯನ್ನು ಕಂಡದ್ದು ಅಪರೂಪ. ಅಂದು ಕಂಡೆ. "ಇದು ಯಂತ್ರ ಕೆಟ್ಟದ್ದಲ್ಲ. ಬೇಕಂತ ಮಾಡ್ಯಾರ. ಮತ್ತ ಮಾಡ್ತಾರ."

ಎರಡು ವಾರಗಳ ನಂತರ ಹಾರಾಟ ಮತ್ತೆ ಶುರುವಾಯಿತು. ಅಲ್ಮಾಸಳ ಪಾಳಿ ಫೆಬ್ರವರಿ ಒಂಬತ್ತು, ಪರೀಕ್ಷಕರು ಬರುವುದು ಹತ್ತರಂದು ಎಂದು ಹಲಗೆಯ ಮೇಲೆ ಬರೆದಾಯಿತು.

ಹಿಂದಿನ ಸಂಜೆ ಅಕ್ಕೋರು, ಕ್ಯಾಪ್ಟನ್, ಅಲ್ಮಾಸ, ನಾನು, ನಾಲ್ವರೇ ಸೇರಿದೆವು. "ನೀ ಹಾರಬ್ಯಾಡ," ಅಂದರು ಅಕ್ಕೋರು. "ಹಾರತೀ ಅಂತ ಸುದ್ದಿ ಅಷ್ಟ ಇರಲಿ."

"ವಿಮಾನ ಮ್ಯಾಲೆ ಹೋಗದಿದ್ರ ಈ ಕೆಲಸ ಮಾಡಾಂವ ಯಾಕ ಕೈ ಹಾಕ್ತಾನ್ರಿ?" ಅಂದಳು ಅಲ್ಮಾಸ. ತುಟಿ ಒಣಗಿದ್ದವು, ದನಿ ಗಟ್ಟಿಯಾಗಿತ್ತು. "ನಾ ಹೋಗಾಕಿನ. ಹೆಂಗ ಇಳೀಬೇಕು ಅಷ್ಟ ಹೇಳ್ರಿ."

ಅಕ್ಕೋರು ಅವಳ ಭುಜ ಹಿಡಿದರು. "ರೇಡಿಯೋ ನಂಬಬ್ಯಾಡ, ಚೀಲ ನಂಬಬ್ಯಾಡ. ರುಕ್ಮವ್ವನ ಹೊಲದಾಗ ಚಂದಪ್ಪ ಹೊಗಿ ಹಾಕ್ತಾನ. ಹೊಗಿ ನೋಡಿ ಇಳಿ. ಅದು ಕಾಣದಿದ್ರ ಮ್ಯಾಲೆ ಸುತ್ತು ಹೊಡಿ."

ರೇಡಿಯೋ ಮಾತು ಜೀಪಿನಲ್ಲೂ ಶೆಡ್ಡಿನಲ್ಲೂ ಕೇಳಿಸುತ್ತದೆ. ಹಾಗಾಗಿ ಕೊನೆಯ ಗಳಿಗೆಯವರೆಗೆ ಅದರಲ್ಲಿ ಏನೂ ಹೇಳಬಾರದು, ಅಪಾಯ ಕಂಡರೆ ಮಾತ್ರ ಕ್ಯಾಪ್ಟನ್ ಮೈಕು ಹಿಡಿಯಬೇಕು ಎಂದು ತೀರ್ಮಾನವಾಯಿತು. ಆಮೇಲೆ ಅಕ್ಕೋರು ನನ್ನ ಕೈಗೆ ಕಂದು ಬಣ್ಣದ ಬಾಟಲಿಯನ್ನೂ ರಬ್ಬರ್ ಕೈಗವಸನ್ನೂ ಕೊಟ್ಟರು. ಹಳೆಯ ಪ್ರಯೋಗಾಲಯದಿಂದ ಕೇಳಿ ತಂದ ಸಿಲ್ವರ್ ನೈಟ್ರೇಟ್ ದ್ರಾವಣ. ನೋಡಲು ಬರೇ ನೀರು. ಬೆಳಗಿನ ಜಾವ ಅದನ್ನು ಕಂಬ ಇಳಿಸಿ, ಗಾಳಿಚೀಲದ ಬಣ್ಣ ಬಳಿದ ಕಬ್ಬಿಣದ ಬಳೆಗೂ ಕಂಬದ ಬುಡದ ಕೀಲಿಗೂ ಸವರಿ ಬಂದೆ. ಅದು ಚರ್ಮಕ್ಕೆ ತಾಗಿದರೆ ಏನಾಗುತ್ತದೆಂಬುದು ಇಪ್ಪತ್ತಾರು ವರ್ಷ ಆ ಬಾಟಲಿ ಎತ್ತಿಟ್ಟ ನನಗೆ ಗೊತ್ತಿತ್ತು.

ಏಳು ಗಂಟೆಗೆ ಅಲ್ಮಾಸಳ ವಿಮಾನ ಏರಿತು. ಆಗ ಎಲೆಯೂ ಅಲುಗುತ್ತಿರಲಿಲ್ಲ. ನಾನು ರುಕ್ಮವ್ವನ ಹೊಲದಲ್ಲಿ ಕಸದ ರಾಶಿಯ ಪಕ್ಕ ಕುಳಿತೆ. ನನಗೂ ಕಂಬದ ಬುಡಕ್ಕೂ ನಡುವೆ ಆಳೆತ್ತರದ ಜೋಳ. ಮೇಲಿನ ಚೀಲ ಮಾತ್ರ ಕಾಣುತ್ತಿತ್ತು. ಕಾಯುವ ಆ ಒಂದು ಗಂಟೆಯಲ್ಲಿ ಜೀಪು ಒಂದು ಸುತ್ತು ಹಾಕಿತು. ತೌಸಿಫ ಡಬ್ಬಿ ಹಿಡಿದು ರನ್‌ವೇಯ ಅಂಚಿನಲ್ಲಿ ನಡೆದು ಹೋದ. ಹೊಳೆ ದಂಡೆಯಿಂದ ಮರಳಿದ್ದ ಯಲ್ಲಾಲಿಂಗನ ಕುರಿಗಳು ಬೇಲಿಗುಂಟ ಸಾಗಿದವು. ಎಂಟರ ಸುಮಾರಿಗೆ ಮೂಡಣದಿಂದ ಗಾಳಿ ಎದ್ದು ಜೋಳದ ತೆನೆಗಳು ನನ್ನ ಕಡೆಗೆ ಬಾಗಿದವು. ಚೀಲವೂ ನನ್ನ ಕಡೆಗೆ ಬಾಲ ಚಾಚಿತು. ಮತ್ತೊಮ್ಮೆ ತಲೆ ಎತ್ತಿದಾಗ ಅದರ ಬಾಲ ಮೂಡಣಕ್ಕಿತ್ತು. ಗಾಳಿ ನನ್ನ ಮುಖಕ್ಕೇ ಬಡಿಯುತ್ತಿತ್ತು, ಚೀಲ ಮಾತ್ರ ಗಾಳಿಗೆ ಎದುರಾಗಿ ಗಟ್ಟಿಯಾಗಿ ನಿಂತಿತ್ತು.

ಕಡ್ಡಿ ಗೀರಿದೆ. ಕಸ ಇಬ್ಬನಿಗೆ ನೆನೆದಿತ್ತು. ಎರಡನೆಯ ಕಡ್ಡಿ ಮುರಿಯಿತು, ಮೂರನೆಯದು ಗಾಳಿಗೆ ಆರಿತು. ಅಷ್ಟರಲ್ಲಿ ಎಂಜಿನ್ ಸದ್ದು ಕೇಳಿಸಿತು. ನೋಡಿದರೆ ವಿಮಾನ ಮೂಡಣದ ಕಡೆಯಿಂದ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಇಳಿಯುತ್ತ ಬರುತ್ತಿತ್ತು. ಹೊಗೆ ಕಾಣದಿದ್ದರೆ ಇಳಿಯಬೇಡ ಎಂದು ಅಕ್ಕೋರು ಹೇಳಿದ್ದರು. ಆದರೆ ಹೆದರಿದ ಹುಡುಗಿ ದಿನವೂ ರೇಡಿಯೋದಲ್ಲಿ ಕೇಳಿದ ಮಾಲಾಳ ದನಿಯನ್ನೇ ಹಿಡಿದುಕೊಂಡಿದ್ದಳು. ಮೇಲಿನ ಕೋಣೆಯಲ್ಲಿ ಕ್ಯಾಪ್ಟನ್ ಮೈಕಿನಲ್ಲಿ ಕೂಗುತ್ತಿದ್ದರೆಂದು ಆಮೇಲೆ ತಿಳಿಯಿತು. ಅವಳು ಭಯದಲ್ಲಿ ತನ್ನ ರೇಡಿಯೋದ ಮಾತಿನ ಗುಂಡಿಯನ್ನು ಒತ್ತಿ ಹಿಡಿದುಬಿಟ್ಟಿದ್ದಳು. ಹಾಗೆ ಹಿಡಿದಷ್ಟು ಹೊತ್ತು ಅವಳಿಗೆ ಯಾರ ಮಾತೂ ಕೇಳುವುದಿಲ್ಲ. ಕೋಣೆಯಲ್ಲಿದ್ದವರಿಗೆ ಕೇಳಿಸುತ್ತಿದ್ದದ್ದು ಅವಳ ಏದುಸಿರು ಒಂದೇ.

"ರುಕ್ಮವ್ವಾ! ಹೊಗಿ ಆಗವಲ್ದು!" ಎಂದು ಚೀರಿದೆ.

ಅವಳು ನನ್ನನ್ನು ನೋಡಲಿಲ್ಲ, ವಿಮಾನವನ್ನು ನೋಡಿದಳು. ದೊಡ್ಡ ಬುಟ್ಟಿಯಲ್ಲಿ ಹೊಟ್ಟು ತುಂಬಿಕೊಂಡು ಬಂಡಿಯ ಮೇಲೆ ಹತ್ತಿ, ತಲೆಯ ಮೇಲೆತ್ತಿ ಸುರಿದಳು. ಹೊಟ್ಟು ಹಳದಿ ಪಟ್ಟೆಯಾಗಿ ಪಡುವಣಕ್ಕೆ ಹಾರಿತು. ನಾನು ಬುಟ್ಟಿ ತುಂಬಿ ತುಂಬಿ ಕೊಟ್ಟೆ, ಅವಳು ಸುರಿಯುತ್ತಲೇ ಹೋದಳು. ವಿಮಾನದ ಗಾಲಿ ನೆಲಕ್ಕೆ ಇನ್ನೇನು ತಾಗಬೇಕು, ಆಗ ಎಂಜಿನ್ ಒಮ್ಮೆಲೇ ಮೊರೆಯಿತು. ಅದು ನಮ್ಮ ತಲೆಯ ಮೇಲೆಯೇ ಎದ್ದು ಹೋಯಿತು. ನಾವಿಬ್ಬರೂ ನೆಲಕ್ಕೆ ಬಿದ್ದೆವು.

ವಿಮಾನ ಸುತ್ತು ಹಾಕಿ ಪಡುವಣದ ಕಡೆಯಿಂದ ಬಂತು. ಗಾಳಿಗೆ ಎದುರಾಗಿ ಇಳಿದು, ಅರ್ಧ ರನ್‌ವೇಯಲ್ಲೇ ನಿಂತಿತು. ರುಕ್ಮವ್ವ ಎದ್ದು ಕೂತು, ತಲೆಗೆ ಮೆತ್ತಿದ ಹೊಟ್ಟು ಜಾಡಿಸಿಕೊಂಡಳು.

ಹತ್ತೂವರೆಗೆ ಎಲ್ಲರೂ ಪಾಠದ ಕೋಣೆಯಲ್ಲಿ ಸೇರಿದರು. ಕ್ಯಾಪ್ಟನ್ ಠಾಣೆಗೂ ಫೋನು ಮಾಡಿದ್ದರು. ಅಲ್ಮಾಸ ಅಣ್ಣನ ಪಕ್ಕ ಕುಳಿತಿದ್ದಳು. ಯಲ್ಲಾಲಿಂಗ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಮಿತ ಜಾಕೀಟಿನ ಕಿಸೆಯಲ್ಲಿ ಕೈಯಿಟ್ಟು ಕಿಟಕಿಗೆ ಒರಗಿದ್ದ. ಅಕ್ಕೋರು ಹಲಗೆಯ ಮುಂದೆ ಪಾಠಕ್ಕೆ ನಿಂತಂತೆ ನಿಂತರು.

"ಬ್ರೇಕ್ ಸರಿ ಇದ್ದೂ ವಿಮಾನ ಯಾಕ ನಿಲ್ಲಲಿಲ್ಲ? ಕಾವೇರಿ ವಿಮಾನದ ಹಿಂದ ಎದ್ದ ಧೂಳು, ವಿಮಾನ ದಾಟಿ ಮುಂದ ಹೋತು. ಎದುರು ಗಾಳಿ ಇದ್ರ ಧೂಳು ಹಿಂದ ಉಳೀಬೇಕು. ಅಂದ್ರ ಗಾಳಿ ಬೆನ್ನಿಗಿತ್ತು, ಆಕೀನ ಹಳ್ಳಕ್ಕ ನೂಕಾಕತ್ತಿತ್ತು. ರುಕ್ಮವ್ವನ ಹೊಟ್ಟೂ ಪಡುವಣಕ್ಕ ಹಾರಿತ್ತು. ಅದ ಹೊತ್ತಿನಾಗ ಗಾಳಿಚೀಲದ ಬಾಲ ಮೂಡಣಕ್ಕಿತ್ತು. ಧೂಳು ಸುಳ್ಳು ಹೇಳೂದಿಲ್ಲ. ಹಂಗಾದ್ರ ಚೀಲ ಸುಳ್ಳು. ಬಟ್ಟಿ ಗಾಳಿಗೆ ಎದುರಾಗಿ ಗಟ್ಟಿ ನಿಲ್ಲಬೇಕಾದ್ರ, ಯಾರೋ ಕಂಬ ಇಳಿಸಿ, ಚೀಲದಾಗ ಬಿದಿರಿನ ಸೀಳಿನಂಥಾದ್ದು ತುರುಕಿ, ಬಳಿ ತಿರುಗದಂಗ ತಂತಿ ಬಿಗಿದಿರಬೇಕು. ಮಾಲಾ ಚೀಲ ನೋಡೂದು ವಿಮಾನ ಇಳಿಯೂ ಹೊತ್ತಿಗಷ್ಟ, ಆಗ ಕಂಡಿದ್ದನ್ನ ಹೇಳಿದ್ಲು."

"ಯಾರು?" ಎಂದು ಮಾಲಾ ಎದ್ದು ನಿಂತಳು.

"ಹೇಳ್ತೇನಿ. ಏರೂ ಮುಂದ ಗಾಳಿ ಇರಲಿಲ್ಲ. ಮೂವರೂ ತ್ರಾಸಿಲ್ದ ಏರಿದ್ರು. ವಿಮಾನ ಮುದ್ದೇಬಿಹಾಳದ ಮ್ಯಾಲಿದ್ದ ಹೊತ್ತಿನಾಗ ಈ ಕೆಲಸ ಆತು. ಯಲ್ಲಾಲಿಂಗ ಬೇಲಿ ಕತ್ತರಿಸಿದ್ದು ಖರೆ. ಆದ್ರ ಕಾವೇರಿ ಬಿದ್ದಾಗ ಅಂವ ಹೊಳೀ ದಂಡಿಯೊಳಗಿದ್ದ. ಇನ್ನ ತೌಸಿಫ. ಎಲ್ಲಾರಿಗಿಂತ ಮೊದ್ಲ ಮುಟ್ಟಿದ ಅಂತ ಅವನ್ನ ಹಿಡದ್ರಿ. ಉಲ್ಟಾ ಯಾಕ ಕೇಳಲಿಲ್ಲ? ಓಡಾಂವ ಮೊದ್ಲ ಮುಟ್ಟಿದ, ಜೀಪ ಯಾಕ ತಡಾ ಆತು? ಮೂರೂ ಸಲ?"

ಕೋಣೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು.

"ಎಲ್ಲಾರೂ ಬಿದ್ದ ವಿಮಾನದ ಕಡೆ ಓಡೂ ಹೊತ್ತಿನಾಗ ಕಂಬದ ಹತ್ರ ಯಾರೂ ಇರೂದಿಲ್ಲ. ಬಿದಿರು, ತಂತಿ ತಗದು, ಆಮ್ಯಾಲೆ ಜೀಪ ತರಬೇಕಿತ್ತು. ಅದಕ್ಕ ತಡಾ. ಇನ್ನ ಈ ಹಲಗಿ. ಡಸ್ಟರ್ ಸರಿ ಇಲ್ಲ ಅಂದಿದ್ನಿ. ಜನವರಿ ಇಪ್ಪತ್ತೊಂದರ ಕೆಳಗ ಡಿಸೆಂಬರ್ ಮೂವತ್ತೊಂದು, ಅದರ ಕೆಳಗ ಡಿಸೆಂಬರ್ ಹನ್ನೊಂದು ಕಾಣಾಕತ್ತಿತ್ತು. ಮೂರೂ ಅಪಘಾತದ ಮರುದಿವಸ. ಮೂರೂ ಸಲ ಒಂದ ಪರೀಕ್ಷಾ ತಪ್ಪಿತು."

ಎಲ್ಲರ ಕಣ್ಣು ಅಮಿತನ ಕಡೆ ಹೊರಳಿತು. "ಅಂವ ನಮ್ಮ ಹೀರೋ ಅದಾನ್ರಿ!" ಎಂದು ವಿದ್ಯಾರ್ಥಿಯೊಬ್ಬ ಕೂಗಿದ.

"ಊಹಾ ಅಂತೀರೇನು? ಆಗಲಿ. ಇವತ್ತ ಕಂಬದ ಬುಡಕ್ಕ, ಬಳಿಗೆ ಒಂದ ಔಷಧ ಹಚ್ಚಿತ್ತು. ಕೈಗಿ ತಾಗಿದ್ರ ಬಿಸಿಲಿಗೆ ಕಪ್ಪಾಗತೈತಿ. ಎಲ್ಲಾರೂ ಕೈ ತೋರಸ್ರಿ."

ಮೊದಲು ಕೈ ಚಾಚಿದವನು ತೌಸಿಫ. ಎರಡೂ ಕೈ ಕಪ್ಪು. ಅಲ್ಮಾಸ ಉಸಿರು ಬಿಗಿಹಿಡಿದಳು. ನಾನು ಸೀಮೆಎಣ್ಣೆಯ ಬಟ್ಟಲು ಮುಂದಿಟ್ಟೆ. ಅವನು ಉಜ್ಜಿದ ಹಾಗೆ ಎಣ್ಣೆಗಪ್ಪು ಕರಗಿ, ಕೆಂಪಗಿನ ಅಂಗೈ ಕಂಡಿತು. ಮಾಲಾಳ ಕೈ, ಯಲ್ಲಾಲಿಂಗನ ಕೈ, ವಿದ್ಯಾರ್ಥಿಗಳ ಕೈ, ಎಲ್ಲವೂ ಶುದ್ಧ.

"ಅಮಿತ, ಕಿಸೆಯಿಂದ ಕೈ ತಗಿಯಪ್ಪಾ," ಅಂದರು ಅಕ್ಕೋರು ಮೆಲ್ಲಗೆ.

ಅವನು ತೆಗೆದ. ಬೆರಳ ತುದಿಗಳಿಂದ ಅಂಗೈವರೆಗೆ ಕಂದುಗಪ್ಪು ಕಲೆಗಳು. ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ, ಮತ್ತೆ ಉಜ್ಜಿದ. ಹೋಗಲಿಲ್ಲ. ಕ್ಯಾಪ್ಟನ್ ಹೊರಗೆ ಹೋಗಿ ಎಲ್ಲರೂ ಅಲ್ಮಾಸಳ ಕಡೆ ಓಡಿದಾಗ ಅವನು ಬಿಚ್ಚಿ ಜೀಪಿನ ಸೀಟಿನ ಅಡಿ ಬಚ್ಚಿಟ್ಟಿದ್ದ ಬಿದಿರಿನ ಸೀಳುಗಳನ್ನೂ ತಂತಿಯನ್ನೂ ತಂದು ಮೇಜಿನ ಮೇಲಿಟ್ಟರು.

"ಯಾಕೋ?" ಎಂದು ಅವರು ಕೇಳಿದರು.

ಅಮಿತ ನೆಲಕ್ಕೆ ಕುಳಿತ. "ನನಗ ಹೆದ್ರಿಕಿ ಸರ್. ಭೀಮಾ ಹೊಳಿ ಮ್ಯಾಲೆ ಎಂಜಿನ್ ನಿಂತಾಗ ಕೇಳಿದ ಆ ಗಪ್ಪ ಅನ್ನೂದು ಇನ್ನೂ ಕಿವ್ಯಾಗ ಐತಿ. ವಿಮಾನದ ಬಾಗಿಲ ಮುಟ್ಟಿದ್ರ ಬೆವರ ಬಿಡ್ತೈತಿ. ಕಿವಿ ನೋವು ಅಂತ ಸುಳ್ಳ ಹೇಳಿದ್ನಿ. ಪರೀಕ್ಷಕರ ಮುಂದ ಹೆಂಗ ಹಾರ್ಲಿ? ಮೆರವಣಿಗಿ ಮಾಡಿದ ಜನಕ್ಕ ಏನ ಹೇಳ್ಲಿ? ಹಳ್ಳದ ಮಣ್ಣು ಮೆತ್ತಗೈತಿ, ಗಾಲಿ ಅಷ್ಟ ಹುಗೀತಾವ ಅನ್ಕೊಂಡಿದ್ನಿ. ಇಸಾಕಗ ಏನೂ ಆಗಲಿಲ್ಲ..."

"ಮುದ್ದೇಬಿಹಾಳದ ಹುಡುಗನ ಕೈ ಮುರೀತು. ಅವತ್ತ ಗೊತ್ತಾತಲ್ಲ?" ಅಂದರು ಅಕ್ಕೋರು. "ಆದ್ರೂ ಕಾವೇರಿ ಪಾಳೀಗಿ ಮತ್ತ ಬಿದಿರು ತುರುಕಿದಿ. ಇವತ್ತ ಈಕೀಗಿ."

ಅವನು ಒಂದು ಕೈಯಿಂದ ಇನ್ನೊಂದು ಕೈಯ ಕಲೆಯನ್ನು ಉಜ್ಜತೊಡಗಿದ.

"ಹೆದ್ರಿಕಿ ತಪ್ಪಲ್ಲಪ್ಪಾ. ಹೇಳಿದ್ರ ನಿನ್ನ ಯಾರೂ ಹಿಡದು ಮ್ಯಾಲೆ ಕೂಡಸ್ತಿರಲಿಲ್ಲ. ನೀ ಅದನ್ನ ಮುಚ್ಚಿ ಇಡಾಕ ಬ್ಯಾರೆಯವರ ಮಕ್ಕಳನ್ನ ಹಳ್ಳಕ್ಕ ಬಿಟ್ಟಿ. ಅದು ತಪ್ಪು."

ಪೊಲೀಸರು ಬಂದು ಅಮಿತನನ್ನು ಕರೆದೊಯ್ದರು. ಪೊಲೀಸ್ ಜೀಪು ಹತ್ತುವಾಗಲೂ ಅವನು ಒಂದು ಕೈಯಿಂದ ಇನ್ನೊಂದು ಕೈಯನ್ನು ಉಜ್ಜುತ್ತಲೇ ಇದ್ದ. ಅವನ ಮೇಲೆ ಸಿಟ್ಟು ಬರಬೇಕಿತ್ತು. ನನಗೆ ಬರಲಿಲ್ಲ. ತೌಸಿಫ ಶೆಡ್ಡಿಗೆ ಹೋಗಿ, ತಂಗಿಯ ವಿಮಾನದ ಗಾಲಿಗಳನ್ನು ಒಂದೊಂದಾಗಿ ಒರೆಸತೊಡಗಿದ.

ನಾನು ಕೆಲಸ ಮುಗಿಯಿತೆಂದು ಗಾಡಿಯನ್ನು ಸಿಂದಗಿಯ ಕಡೆ ತಿರುಗಿಸಿದೆ. ಅಕ್ಕೋರು ತಡೆದರು. "ಇಂಡಿಗೆ ನಡಿ. ಇಸಾಕಗ ಹೇಳಬೇಕು."

ಇಸಾಕ ಅಪಘಾತದ ಮರುದಿನವೇ ಶಾಲೆ ಬಿಟ್ಟಿದ್ದ. ತನ್ನ ಕೈಯೇ ಸರಿಯಿಲ್ಲ, ಯಾರನ್ನಾದರೂ ಕೊಂದುಹಾಕುತ್ತೇನೆ ಎಂದು ಅತ್ತಿದ್ದನಂತೆ. ಇಂಡಿಯ ಸಂತೆಕಟ್ಟೆಯ ಹಿಂದಿನ ಅಂಗಡಿಯಲ್ಲಿ ಅವನು ಅಪ್ಪನ ಜೊತೆ ಲಿಂಬೆಹಣ್ಣು ಆರಿಸುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಅಕ್ಕೋರು ಲಿಂಬೆಯ ಚೀಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ಧೂಳು, ಹೊಟ್ಟು, ಬಿದಿರು, ಯಾವುದನ್ನೂ ಬಿಡಲಿಲ್ಲ.

ಅವನು ಕೈಯಲ್ಲಿದ್ದ ಲಿಂಬೆಯನ್ನು ತಿರುವುತ್ತಲೇ ಇದ್ದ. ಅವನ ಅಪ್ಪ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು.

"ಅಕ್ಕೋರ," ಅಂದ ಇಸಾಕ ಕೊನೆಗೆ, "ನಾ ಇಳಿಸಿದ್ದು... ಸರಿ ಇತ್ತೇನ್ರಿ?"

"ಬೆನ್ನಿಗಿ ಗಾಳಿ ಹೊಡಿಯೂ ಮುಂದ, ಎಡಕ್ಕೂ ಬಲಕ್ಕೂ ಹೊರಳದಂಗ ಸೀದಾ ಹಿಡದೀಯಂತ. ನಿನ್ನಷ್ಟು ಚಂದ ತಾವೂ ಹಿಡೀತಿರಲಿಲ್ಲ ಅಂದ್ರು ಕ್ಯಾಪ್ಟನ್."

ಇಸಾಕ ಲಿಂಬೆಯನ್ನು ರಾಶಿಯ ಮೇಲಿಟ್ಟು, ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಅಬ್ಬಾ," ಎಂದು ತಂದೆಯ ಕಡೆ ತಿರುಗಿದ, "ತಾಂಬಾ ಬಸ್ಸು ಎಷ್ಟ ಗಂಟೆಕ್ಕ ಐತಿ?"